ತಾರೀಕು ಬರೆಯುವ ಮೊದಲು ವಾರ ಎಣಿಸಿ

ಮಾನ್ಯ ಜಿಲ್ಲಾ ವೈದ್ಯಾಧಿಕಾರಿಗಳು (ಆರೋಗ್ಯ),
ಕಾಸರಗೋಡು, ಇವರಿಗೆ

ವಿಷಯ: ಮುಂಚಿತವಾಗಿ ದಿನ ಗೊತ್ತುಮಾಡಿ ನಡೆಸುವ ಸಿಸೇರಿಯನ್‌ಗಳಲ್ಲಿ ಗರ್ಭದಲ್ಲಿ ಶಿಶುವಿಗೆ ಎಷ್ಟು ವಾರ ತುಂಬಿತೆಂಬ ಲೆಕ್ಕ ತಪ್ಪುತ್ತಿರುವುದು

ಮಾನ್ಯರೇ,

ನಾನು ಬದಿಯಡ್ಕ ಕಡೆಯವಳು. ಮೂವತ್ತೊಂದು ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಕಲಿಸಿ ನಿವೃತ್ತಳಾದ ಟೀಚರ್. ವೈದ್ಯಶಾಸ್ತ್ರ ಓದಿದವಳಲ್ಲ. ಆದರೆ ಈ ಪತ್ರಕ್ಕೆ ಬೇಕಾದ ಗಣಿತ ನಾಲ್ಕನೇ ಕ್ಲಾಸಿನದ್ದು: ಎರಡು ತಾರೀಕುಗಳ ನಡುವೆ ಎಷ್ಟು ದಿನ ಎಂದು ಎಣಿಸಿ ಏಳರಿಂದ ಭಾಗಿಸುವುದು. ನನ್ನ ಮೊಮ್ಮಗಳ ವಿಷಯದಲ್ಲಿ ಆ ಲೆಕ್ಕವನ್ನು ಯಾರೂ ಮಾಡಲಿಲ್ಲ. ನಾನೂ ಮಾಡಲಿಲ್ಲ. ನನ್ನ ಪಾಲಿನ ತಪ್ಪನ್ನು ಮುಚ್ಚಿಟ್ಟು ದೂರು ಬರೆಯಲು ಮನಸ್ಸು ಬಾರದ್ದರಿಂದ ಅದನ್ನೂ ಇದರಲ್ಲೇ ಹೇಳುತ್ತೇನೆ.

ನನ್ನ ಮಗಳ ಎರಡನೇ ಹೆರಿಗೆ ಅದು. ಮೊದಲನೆಯದು ಸಿಸೇರಿಯನ್ ಆಗಿತ್ತು, ಇದೂ ಸಿಸೇರಿಯನ್ನೇ ಎಂದು ಆರನೇ ತಿಂಗಳಲ್ಲೇ ತೀರ್ಮಾನವಾಗಿತ್ತು. ಅದಕ್ಕೆ ನನ್ನ ತಕರಾರಿಲ್ಲ. 2024ರ ಜೂನ್ ಕೊನೆಗೆ ತಪಾಸಣೆಗೆ ಹೋದಾಗ ಡಾಕ್ಟರು ಕಾರ್ಡು ತಿರುಗಿಸಿ ನೋಡಿ, "ಜುಲೈ ಎರಡನೇ ವಾರ ಕಳೆದ ಮೇಲೆ ಯಾವಾಗ ಬೇಕಾದರೂ ಮಾಡಬಹುದು, ನಿಮಗೆ ಯಾವ ದಿನ ಅನುಕೂಲ?" ಎಂದು ಕೇಳಿದರು. ಅನುಕೂಲ ಎಂಬ ಆ ಒಂದು ಮಾತು ಬಿದ್ದದ್ದೇ, ಮನೆಯಲ್ಲಿ ಕ್ಯಾಲೆಂಡರುಗಳು ಒಂದೊಂದಾಗಿ ಹೊರಗೆ ಬಂದವು.

ಮೊದಲನೆಯದು ಅಳಿಯನದ್ದು. ಅವನಿಗೆ ಶಾರ್ಜಾದಲ್ಲಿ ಕೆಲಸ, ರಜೆ ಮುಗಿದು ಹಿಂದೆ ಹೋಗುವ ಟಿಕೆಟು ಜುಲೈ 25ಕ್ಕೆ. ಮಗುವಿನ ಮುಖ ನೋಡಿ, ಹತ್ತು ದಿನ ಎತ್ತಿ ಆಡಿಸಿ ಹೋಗಬೇಕೆಂದು ಅವನ ಆಸೆ. ತಪ್ಪೆನ್ನಲಾಗದು. ನಮ್ಮ ಜಿಲ್ಲೆಯಲ್ಲಿ ಟಿಕೆಟಿನ ತಾರೀಕು ನೋಡಿ ಮದುವೆ, ಗೃಹಪ್ರವೇಶ ಎಲ್ಲ ನಡೆಯುತ್ತವೆ, ಹೆರಿಗೆಯೂ ಆ ಸಾಲಿಗೆ ಸೇರಿತು. ಎರಡನೆಯದು ಮಗಳ ಅತ್ತೆಯದ್ದು. ಜುಲೈ 16ಕ್ಕೆ ಕರ್ಕ ಸಂಕ್ರಮಣ, ಮರುದಿನದಿಂದ ಆಟಿ, ಶುಭಕಾರ್ಯಕ್ಕೆ ಒಳ್ಳೆಯದಲ್ಲವೆನ್ನುವ ತುಳು ತಿಂಗಳು. "ಆಟಿಯಲ್ಲಿ ಮಗು ಹುಟ್ಟುವುದು ಬೇಡ ಮಾರಾಯ್ತಿ, ಹೇಗೂ ಕೊಯ್ದೇ ತೆಗೆಯುವುದಲ್ಲವಾ, ನಾಲ್ಕು ದಿನ ಮೊದಲೇ ಆಗಲಿ" ಎಂದರು. ಮೂರನೆಯದು ನನ್ನದು. ನಾನೇ ಜೋಯಿಸರ ಮನೆಗೆ ಹೋದೆ. ಅವರು ಪಂಚಾಂಗ ಬಿಡಿಸಿ 15ನೇ ತಾರೀಕು ಸೋಮವಾರ ಬೆಳಿಗ್ಗೆ ಒಂಬತ್ತೂವರೆ ಮೇಲೆ ಹತ್ತೂಕಾಲಿನ ಒಳಗೆ ಎಂದು ಚೀಟಿಯಲ್ಲಿ ಬರೆದು ಕೊಟ್ಟರು. ನಾವು ಕೇಳಿದ ದಿನಗಳ ನಡುವೆ ಒಳ್ಳೆಯದನ್ನು ಆರಿಸಿದರು, ಅಷ್ಟೆ. ವಾರ ಎಷ್ಟಾಯಿತೆಂದು ಕೇಳುವುದು ಅವರ ಶಾಸ್ತ್ರದಲ್ಲಿಲ್ಲ. ಅದು ಯಾರ ಶಾಸ್ತ್ರದಲ್ಲಿದೆಯೋ ಅವರು ಕೇಳಲಿಲ್ಲ. ಚೀಟಿ ನೋಡಿ ಆಸ್ಪತ್ರೆಯ ಕೌಂಟರಿನಲ್ಲಿ ಪುಸ್ತಕ ತೆರೆದು ಹೆಸರು ಬರೆದುಕೊಂಡರು. ಅಡ್ವಾನ್ಸ್ ಕಟ್ಟಿ ಬಂದೆವು. ಹಾಲ್ ಬುಕ್ ಮಾಡಿ ಬಂದ ಹಾಗೆಯೇ ಇತ್ತು.

ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಬರೆದರೆ ಇದು ಆ ಒಂದು ಕಟ್ಟಡದ ಮೇಲಿನ ದೂರಾಗಿ ಉಳಿದು, ಮಿಕ್ಕವರೆಲ್ಲ ತಮಗಲ್ಲ ಎಂದುಕೊಳ್ಳುತ್ತಾರೆ. ಜಿಲ್ಲೆಯದ್ದೇ ಒಂದು ಖಾಸಗಿ ಆಸ್ಪತ್ರೆ ಎಂದಷ್ಟೇ ಇರಲಿ.

ಹತ್ತು ಗಂಟೆ ಐದು ನಿಮಿಷಕ್ಕೆ ಮಗು ಹುಟ್ಟಿತು. 2 ಕಿಲೋ 700 ಗ್ರಾಂ. ಚೆನ್ನಾಗಿ ಅತ್ತಿತು. "ತೂಕ ಒಳ್ಳೆಯದುಂಟು" ಎಂದು ನರ್ಸು ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಹೊರಗೆ ಧೋ ಎಂದು ಮಳೆ. ಅರ್ಧ ಗಂಟೆ ಕಳೆದಿರಬಹುದು, ಮಗು ಸಣ್ಣಗೆ ಹೂಂಗುಟ್ಟಲು ಶುರುಮಾಡಿತು. ಉಸಿರು ಬಿಡುವಾಗೆಲ್ಲ "ಹ್ಞೂಂ... ಹ್ಞೂಂ..." ಎಂದು ಒಂದು ಎಳೆ. ನೋಡಲು ಬಂದ ನನ್ನ ಅಕ್ಕ, "ನೋಡು, ಅಜ್ಜಿ ಹತ್ತಿರ ಈಗಲೇ ಮಾತಾಡ್ತದೆ" ಎಂದು ನಕ್ಕಳು. ನಾನೂ ನಕ್ಕೆ. ಆ ನಗು ನೆನಪಾದಾಗ ಈಗಲೂ ಎದೆಯಲ್ಲಿ ಚುಚ್ಚಿದ ಹಾಗಾಗುತ್ತದೆ. ಅದು ಮಾತಲ್ಲ, ಉಸಿರಿಗಾಗಿ ನರಳುವ ಸದ್ದು ಎಂದು ಹೇಳಿಕೊಡುವವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

ಆಮೇಲೆ ಮೂಗಿನ ಹೊಳ್ಳೆಗಳು ಅರಳಿ ಮುಚ್ಚುವುದು ಕಾಣಿಸಿತು. ಬಟ್ಟೆ ಬಿಚ್ಚಿ ನೋಡಿದೆ. ಪಕ್ಕೆಲುಬಿನ ಕೆಳಗೆ, ಒಬ್ಬರು ಬೆರಳಿಟ್ಟು ಒತ್ತಿ ಒತ್ತಿ ಬಿಟ್ಟ ಹಾಗೆ, ಪ್ರತಿ ಉಸಿರಿಗೂ ಗುಳಿ ಬೀಳುತ್ತಿತ್ತು. ಕೈಯಲ್ಲಿದ್ದ ವಾಚು ನೋಡಿ ಎಣಿಸಿದೆ. ಅರ್ಧ ನಿಮಿಷಕ್ಕೆ 41. ತಪ್ಪಿರಬಹುದೆಂದು ಮತ್ತೊಮ್ಮೆ ಎಣಿಸಿದೆ, 42. ನವಜಾತ ಶಿಶುವಿನ ಉಸಿರು ನಿಮಿಷಕ್ಕೆ 60ರ ಒಳಗಿರಬೇಕೆಂದು ನನಗೆ ಆಗ ಗೊತ್ತಿರಲಿಲ್ಲ. ಆದರೆ ಓಡಿಬಂದ ನಾಯಿಯಂತೆ ಏದುವ ಮಗು ಸರಿಯಿಲ್ಲ ಎಂದು ತಿಳಿಯಲು ಸಂಖ್ಯೆ ಬೇಕಾಗಿಲ್ಲ. ಓಡಿಹೋಗಿ ನರ್ಸನ್ನು ಕರೆದೆ. ಅವರು ನೋಡಿ "ಶ್ವಾಸಂ ಮುಟ್ಟಲ್" (ಉಸಿರಾಟದ ತೊಂದರೆ) ಎಂದು ಮಲಯಾಳದಲ್ಲಿ ಹೇಳಿದವರೇ ಮಗುವನ್ನು ಎತ್ತಿಕೊಂಡು ಒಳಗೆ ಹೋದರು. ಆಕ್ಸಿಜನ್ ಇಟ್ಟರು. ಸಂಜೆಯಾದರೂ ಇಳಿಯಲಿಲ್ಲ. ಎಳೆಯ ಮಗುವಿನ ಮೂಗಿಗೆ ಕೊಳವೆಯಿಟ್ಟು ಒತ್ತಡದಲ್ಲಿ ಗಾಳಿ ಕೊಡುವ ಸಿ‌ಪ್ಯಾಪ್ ಯಂತ್ರ ಅಲ್ಲಿರಲಿಲ್ಲ. "ಮಂಗಳೂರಿಗೆ ಕರೆದುಕೊಂಡು ಹೋಗಿ" ಎಂದು ಕಾಗದ ಬರೆದುಕೊಟ್ಟರು.

ಮಾನ್ಯರೇ, ನಮ್ಮವರ ಪಾಲಿಗೆ ಆ ಮಾತು ಹೊಸದಲ್ಲ. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರು, ನಡುವೆ ತಲಪಾಡಿ ಗಡಿ. ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರ ನವೆಂಬರಿನಲ್ಲಿ. ನಮ್ಮ ಮನೆಗೆ ಹತ್ತಿರವೇ. ಹತ್ತು ವರ್ಷ ದಾಟಿದರೂ ನನ್ನ ಮಗಳು ಹೆರಿಗೆಗೆ ಹೋಗುವಂಥ ಜಾಗ ಅದಾಗಿರಲಿಲ್ಲ. ಆ ರಾತ್ರಿ ಹೆದ್ದಾರಿ ಅಗಲ ಮಾಡಲು ಅಗೆದು ಹಾಕಿದ ಸರ್ವಿಸ್ ರಸ್ತೆಯ ಹೊಂಡಗಳಲ್ಲಿ ಆಂಬುಲೆನ್ಸು ಎದ್ದು ಬಿದ್ದು ಹೋಗುವಾಗ, ನಾನು ಮೊಮ್ಮಗಳ ಎದೆ ನೋಡುತ್ತ ಎಣಿಸುತ್ತಲೇ ಇದ್ದೆ. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ನನ್ನ ಮಗಳು ಇಲ್ಲೇ ಉಳಿದಿದ್ದಳು. 2020ರ ಮಾರ್ಚಿನಲ್ಲಿ, ಕೊರೋನಾ ಕಾಲದಲ್ಲಿ, ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದು, ಇದೇ ತಲಪಾಡಿಯಿಂದ ಆಂಬುಲೆನ್ಸುಗಳು ತಿರುಗಿ ಬಂದದ್ದು, ಜೀವಗಳು ಹೋದದ್ದು ನಮ್ಮಲ್ಲಿ ಯಾರಿಗೂ ಮರೆತಿಲ್ಲ. ಗಡಿ ದಾಟುವಾಗ ನನಗೆ ಅದೇ ನೆನಪಾಯಿತು.

ಮಂಗಳೂರಿನಲ್ಲಿ ಮಕ್ಕಳ ಡಾಕ್ಟರು ಮಗುವನ್ನು ಯಂತ್ರಕ್ಕೆ ಹಾಕಿದ ಮೇಲೆ ಕೇಳಿದ ಮೊದಲ ಪ್ರಶ್ನೆ: "ಎಷ್ಟು ವಾರ?" ಅಳಿಯ, "ಮೂವತ್ತೆಂಟೂವರೆ ಅಂತ ಹೇಳಿದ್ದಾರೆ" ಎಂದ. "ಮೊದಲ ಸ್ಕ್ಯಾನು ಉಂಟಾ?" ಎಂದರು. ಫೈಲಿನಿಂದ ತೆಗೆದು ಕೊಟ್ಟೆ. ಅವರು ಜೇಬಿನಿಂದ ಕಾಗದದ ಒಂದು ದುಂಡು ಚಕ್ರ ತೆಗೆದು, ಒಳಗಿನ ವೃತ್ತವನ್ನು ತಿರುಗಿಸಿ ಬಾಣವನ್ನು ಅಕ್ಟೋಬರ್ 28ಕ್ಕೆ ನಿಲ್ಲಿಸಿದರು. ಅದು ಮಗಳ ಕೊನೆಯ ಮುಟ್ಟಿನ ಮೊದಲ ದಿನ. ನಾನು ಕಣ್ಣಲ್ಲೇ ಎಣಿಸಿದೆ. ಜುಲೈ 15ಕ್ಕೆ 261 ದಿನ. 37 ವಾರ, 2 ದಿನ.

ಹಾಗಾದರೆ ಮೂವತ್ತೆಂಟೂವರೆ ಎಲ್ಲಿಂದ ಬಂತು? ಆ ರಾತ್ರಿ ಕಾರಿಡಾರಿನ ಬೆಂಚಿನಲ್ಲಿ ಕುಳಿತು ಮೂರು ಸ್ಕ್ಯಾನ್ ಚೀಟಿಗಳನ್ನೂ ತೊಡೆಯ ಮೇಲೆ ಹರಡಿಕೊಂಡೆ. ಮೊದಲ ಮೂರು ತಿಂಗಳ ಒಳಗೆ ಮಾಡಿದ ಸ್ಕ್ಯಾನಿನಲ್ಲಿ ಹೆರಿಗೆಯ ದಿನ ಆಗಸ್ಟ್ 4. ಮುಟ್ಟಿನ ಲೆಕ್ಕದಲ್ಲಿ ಆಗಸ್ಟ್ 3. ಒಂದೇ ದಿನದ ವ್ಯತ್ಯಾಸ, ಎರಡೂ ಒಂದಕ್ಕೊಂದು ಸಾಕ್ಷಿ. ಜೂನಿನಲ್ಲಿ ಮಾಡಿದ ಕೊನೆಯ ಸ್ಕ್ಯಾನಿನಲ್ಲಿ ಮಾತ್ರ ಜುಲೈ 26. ನಮ್ಮ ಹೆರಿಗೆ ಡಾಕ್ಟರು ಹಿಡಿದದ್ದು ಅದನ್ನು. ಆ ಪ್ರಕಾರ 38 ವಾರ 3 ದಿನ ಆಗುತ್ತದೆ. ಮೊದಲ ಮೂರು ತಿಂಗಳಲ್ಲಿ ಎಲ್ಲ ಮಕ್ಕಳೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಬೆಳೆಯುತ್ತವೆ, ಆದ್ದರಿಂದ ಆಗಿನ ಸ್ಕ್ಯಾನು ಒಂದು ವಾರದ ಒಳಗೆ ನಿಖರ. ಆಮೇಲೆ ಒಂದೊಂದು ಮಗುವಿನದ್ದು ಒಂದೊಂದು ಗಾತ್ರ. ಕೊನೆಯ ತಿಂಗಳುಗಳ ಸ್ಕ್ಯಾನು ತಾರೀಕನ್ನು ಎರಡು ಮೂರು ವಾರವೂ ತಪ್ಪಿಸಬಲ್ಲುದು. ಮೈಕೈ ತುಂಬಿದ ಹುಡುಗನನ್ನು ನೋಡಿ ಏಳನೇ ಕ್ಲಾಸಿನವನಿರಬೇಕು ಎಂದುಕೊಂಡರೆ ಅವನು ಐದನೆಯವನಾಗಿರುವುದನ್ನು ನಾನು ಎಷ್ಟು ಸಲ ಕಂಡಿಲ್ಲ! ಹಾಜರಿ ಪುಸ್ತಕ ತೆರೆದರೆ ಸತ್ಯ ಗೊತ್ತಾಗುತ್ತದೆ. ಇಲ್ಲಿ ಹಾಜರಿ ಪುಸ್ತಕ ಫೈಲಿನಲ್ಲೇ ಇತ್ತು, ತೆರೆಯಲಿಲ್ಲ.

ಒಂದು ವಾರ ಹಿಂದೆ ಮುಂದೆ ಆದರೆ ಏನು ಮಹಾ ಎಂದು ನಾನೂ ಕೇಳಿದೆ. ಮಂಗಳೂರಿನ ಆ ಡಾಕ್ಟರು ತಾಳ್ಮೆಯಿಂದ ಹೇಳಿದರು. ಹೊಟ್ಟೆಯೊಳಗೆ ಮಗುವಿನ ಶ್ವಾಸಕೋಶದಲ್ಲಿ ಇರುವುದು ನೀರು. ಶ್ವಾಸಕೋಶವೇ ಅದನ್ನು ಒಸರಿಸುತ್ತಿರುತ್ತದೆ. ಹೆರಿಗೆ ನೋವು ಹತ್ತಿದಾಗ ಮಗುವಿನ ಮೈಯಲ್ಲಿ ಅಡ್ರಿನಲಿನ್‌ನಂಥ ಹಾರ್ಮೋನುಗಳು ಏರುತ್ತವೆ, ಆಗ ಶ್ವಾಸಕೋಶ ಒಸರಿಸುವುದನ್ನು ನಿಲ್ಲಿಸಿ ಹೀರಲು ತೊಡಗುತ್ತದೆ. ಹೆರಿಗೆ ದಾರಿಯಲ್ಲಿ ಎದೆ ಒತ್ತಿ ನೀರು ಹೊರಗೆ ಹೋಗುತ್ತದೆ ಎಂದು ನಾವೆಲ್ಲ ಕೇಳಿದ್ದೇವೆ, ಅದು ಸ್ವಲ್ಪ ಮಾತ್ರ. ದೊಡ್ಡ ಕೆಲಸ ಈ ಹೀರುವಿಕೆಯದ್ದು. ನೋವು ಬರುವ ಮೊದಲೇ ಕೊಯ್ದು ತೆಗೆದರೆ ಮಗುವಿಗೆ ಆ ಸೂಚನೆಯೇ ಸಿಕ್ಕಿರುವುದಿಲ್ಲ, ನೀರು ತುಂಬಿದ ಶ್ವಾಸಕೋಶದಿಂದಲೇ ಉಸಿರಾಟ ಶುರುಮಾಡಬೇಕು. ವಾರವೂ ಕಡಿಮೆಯಿದ್ದರೆ ಹೀರುವ ಶಕ್ತಿಯೂ ಕಡಿಮೆ. ಜೊತೆಗೆ ಗಾಳಿಯ ಪುಟ್ಟ ಚೀಲಗಳು ಒಂದಕ್ಕೊಂದು ಅಂಟದಂತೆ ಕಾಯುವ ಸರ್ಫ್ಯಾಕ್ಟಂಟ್ ಎಂಬ ಜಿಡ್ಡೂ ಕೆಲವು ಮಕ್ಕಳಲ್ಲಿ ಸಾಕಷ್ಟು ಕೂಡಿರುವುದಿಲ್ಲ. ಹೆಚ್ಚಿನ ಮಕ್ಕಳು ಎರಡು ಮೂರು ದಿನಗಳಲ್ಲಿ ಸುಧಾರಿಸುತ್ತವೆ. ಕೆಲವಕ್ಕೆ ವೆಂಟಿಲೇಟರೇ ಬೇಕಾಗುತ್ತದೆ.

ಸಂಖ್ಯೆ ಕೇಳಿದೆ, ಅಭ್ಯಾಸಬಲ. 2008ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಒಂದು ಅಧ್ಯಯನ 34 ಸಾವಿರಕ್ಕೂ ಹೆಚ್ಚು ಶಿಶುಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿತ್ತು. ದಿನ ಗೊತ್ತುಮಾಡಿ ಸಿಸೇರಿಯನ್ ಮಾಡಿದವುಗಳಲ್ಲಿ, 37 ವಾರ ತುಂಬಿ 38 ತುಂಬದ ಮಕ್ಕಳಲ್ಲಿ ನೂರಕ್ಕೆ 10ಕ್ಕೆ ಉಸಿರಿನ ತೊಂದರೆ. 38 ತುಂಬಿದವುಗಳಲ್ಲಿ 5.1. 39 ತುಂಬಿದವುಗಳಲ್ಲಿ 2.1. ಸಹಜ ಹೆರಿಗೆಗೆ ಕಾದವರಲ್ಲಿ ಅದೇ 37ನೇ ವಾರಕ್ಕೆ 2.8 ಮಾತ್ರ. ಒಂದೊಂದು ವಾರಕ್ಕೂ ಅಪಾಯ ಹೆಚ್ಚುಕಡಿಮೆ ಅರ್ಧಕ್ಕರ್ಧ ಇಳಿಯುತ್ತ ಹೋಗುವುದನ್ನು ನೋಡಿ. ಅವಸರದ ಕಾರಣವಿಲ್ಲದಿದ್ದರೆ 39 ವಾರ ತುಂಬುವ ತನಕ ಕಾಯಬೇಕೆಂದು ಬ್ರಿಟನ್, ಅಮೆರಿಕದ ಮಾರ್ಗಸೂಚಿಗಳು ಹೇಳುವುದು ಇದಕ್ಕೇ. ಇದನ್ನು ನಮ್ಮ ಜಿಲ್ಲೆಯ ಹೆರಿಗೆ ಡಾಕ್ಟರುಗಳಿಗೆ ನಾನು ಹೇಳಿಕೊಡಬೇಕಾಗಿಲ್ಲ, ಅವರಿಗೆ ಗೊತ್ತಿದೆ. ಗೊತ್ತಿದ್ದೂ "ಯಾವ ದಿನ ಅನುಕೂಲ" ಎಂಬ ಪ್ರಶ್ನೆ ಹೇಗೆ ಬರುತ್ತದೆ ಎಂಬುದು ನನ್ನ ದುಃಖ.

ನನ್ನ ಮಗಳಿಗೆ 39 ವಾರ ತುಂಬುತ್ತಿದ್ದದ್ದು ಜುಲೈ 27, ಶನಿವಾರ. ಅಳಿಯನ ಟಿಕೆಟಿಗೂ ಅದಕ್ಕೂ ಎರಡೇ ದಿನ ಅಂತರ. ಟಿಕೆಟು ಒಂದು ವಾರ ಮುಂದೆ ಹಾಕಿದ್ದರೆ ಸಾಕಿತ್ತು. ಕೊನೆಗೆ ಹೇಗೂ ಹಾಕಬೇಕಾಯಿತು, ಮಗು ನಾಲ್ಕು ದಿನ ಯಂತ್ರದಲ್ಲಿ, ಒಟ್ಟು ಎಂಟು ದಿನ ಆಸ್ಪತ್ರೆಯಲ್ಲಿ ಕಳೆದದ್ದರಿಂದ. ಇಲ್ಲಿ ಹಿಂಡಿದ ಹಾಲನ್ನು ಐಸಿನ ಡಬ್ಬಿಯಲ್ಲಿಟ್ಟು ಅಳಿಯ ಬೆಳಗಿನ ರೈಲಿನಲ್ಲಿ ಮಂಗಳೂರಿಗೆ ಒಯ್ಯುತ್ತಿದ್ದ. ನನ್ನ ಮಗಳು ತನ್ನ ಮಗುವನ್ನು ಮುಟ್ಟಿದ್ದು ಐದನೇ ದಿನ. ಬಿಲ್ಲಿನ ಮೊತ್ತ ಬರೆಯಲು ಮನಸ್ಸಿಲ್ಲ. ಆಟಿ ತಪ್ಪಿಸಲು ಹೋಗಿ, ಆಟಿಯ ಮೊದಲ ವಾರವನ್ನೆಲ್ಲ ಐಸಿಯುವಿನ ಬಾಗಿಲಲ್ಲಿ ಕಳೆದೆವು.

ಡಾಕ್ಟರುಗಳ ಕಡೆಯ ಮಾತೂ ಉಂಟು. ಮೊದಲು ಸಿಸೇರಿಯನ್ ಆದವಳಿಗೆ ಕಾಯುತ್ತಿರುವಾಗಲೇ ನಡುರಾತ್ರಿ ನೋವು ಬಂದರೆ ಹಳೆಯ ಹೊಲಿಗೆಯ ಭಯ, ಅರಿವಳಿಕೆ ಡಾಕ್ಟರು ಸಿಗುತ್ತಾರೋ ಇಲ್ಲವೋ ಎಂಬ ಆತಂಕ. ಸಣ್ಣ ಆಸ್ಪತ್ರೆಗಳಲ್ಲಿ ಇದು ಸುಳ್ಳು ನೆಪವಲ್ಲ. ಬಿ.ಪಿ. ಏರಿದರೆ, ಮಾಸು ಕೆಳಗೆ ಕುಳಿತಿದ್ದರೆ, ಮಗುವಿನ ಬೆಳವಣಿಗೆ ನಿಂತಿದ್ದರೆ, ನೀರು ಒಡೆದರೆ ವಾರ ನೋಡುತ್ತ ಕೂರಬಾರದು. ಆಗ ಮೊದಲೇ ಕೊಯ್ಯುವುದೇ ತಾಯಿಮಗುವನ್ನು ಉಳಿಸುವ ದಾರಿ. ಇದನ್ನು ಓದುವ ಗರ್ಭಿಣಿಯರು ಯಾರೂ ಡಾಕ್ಟರು ಕಾರಣ ಹೇಳಿ ಕೊಟ್ಟ ತಾರೀಕನ್ನು ನನ್ನ ಮಾತು ಕೇಳಿ ಮುಂದೆ ಹಾಕಬೇಡಿ. ಕಾರಣ ಏನೆಂದು ಕೇಳಿ, ಸಾಕು. ನಮಗೆ ಕೊಟ್ಟ ತಾರೀಕಿಗೆ ಕಾರಣವೇ ಇರಲಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕೇರಳದಲ್ಲಿ ನೂರಕ್ಕೆ 38.9 ಹೆರಿಗೆ ಸಿಸೇರಿಯನ್. ದೇಶದ ಸರಾಸರಿ 21.5. ಇಷ್ಟು ನಡೆಯುವಲ್ಲಿ ವಾರದ ಲೆಕ್ಕದಲ್ಲಿ ಸಣ್ಣ ಅಸಡ್ಡೆಯೂ ಸಣ್ಣದಾಗಿ ಉಳಿಯುವುದಿಲ್ಲ. ಇನ್ನೊಂದು ಕಡೆ, ನಮ್ಮ ರಾಜ್ಯದ ಶಿಶುಮರಣ 2023ರಲ್ಲಿ ಸಾವಿರಕ್ಕೆ 5, ದೇಶದ್ದು 25. ಹೆಮ್ಮೆಯೇ ಸರಿ. ಆದರೆ ನನ್ನ ಮೊಮ್ಮಗಳು ಬದುಕಿ ಉಳಿದಳು, ಹಾಗಾಗಿ ಆ ಲೆಕ್ಕದಲ್ಲಿ ಅವಳು ಇಲ್ಲ. ಗಡಿನಾಡಿನವಳಾದ್ದರಿಂದ ಇನ್ನೂ ಒಂದು ವಿಚಿತ್ರ: ಅವಳು ಹುಟ್ಟಿದ್ದು ಕೇರಳದ ಪುಸ್ತಕದಲ್ಲಿ, ಉಸಿರಿಗೆ ಒದ್ದಾಡಿದ್ದು ಕರ್ನಾಟಕದ ಪುಸ್ತಕದಲ್ಲಿ. ಎರಡನ್ನೂ ಒಟ್ಟಿಗಿಟ್ಟು ಓದುವ ಮೇಜು ಯಾವ ಕಚೇರಿಯಲ್ಲೂ ನನಗೆ ಕಾಣಲಿಲ್ಲ. ತಮ್ಮ ಕಚೇರಿಯಲ್ಲಿ ಅಂಥದ್ದೊಂದು ಇರಲಿ ಎಂಬುದು ನನ್ನ ಮೊದಲ ಬೇಡಿಕೆ. ದಿನ ಗೊತ್ತುಮಾಡಿದ ಸಿಸೇರಿಯನ್‌ನಲ್ಲಿ ಹುಟ್ಟಿ, ಮೂರು ದಿನಗಳ ಒಳಗೆ ಉಸಿರಿನ ತೊಂದರೆಯಿಂದ ಬೇರೆಡೆಗೆ, ಮಂಗಳೂರಿಗೂ ಸೇರಿ, ಕಳುಹಿಸಲಾದ ಪ್ರತಿ ಮಗುವಿನ ವಾರ, ದಿನ, ಕಾರಣವನ್ನು ಸರಕಾರಿ, ಖಾಸಗಿ ಎಂದು ನೋಡದೆ ಎಲ್ಲ ಆಸ್ಪತ್ರೆಗಳಿಂದ ತಿಂಗಳಿಗೊಮ್ಮೆ ತರಿಸಿಕೊಳ್ಳಿ. ಶಿಕ್ಷಿಸಲು ಬೇಡ. ಈ ರಾಜ್ಯದ ಹೆರಿಗೆ ತಜ್ಞರ ಸಂಘಟನೆಯೇ 2004ರಿಂದ ತಾಯಂದಿರ ಮರಣಗಳನ್ನು ಹೆಸರು ಹೊರಗೆ ಬಿಡದೆ, ಯಾರನ್ನೂ ದೂಷಿಸದೆ ಪರಿಶೀಲಿಸಿ ಪಾಠ ಕಲಿಯುತ್ತ ಬಂದಿದೆ. ಅದೇ ಕ್ರಮ ಮಕ್ಕಳ ಉಸಿರಿಗೂ ಬರಲಿ.

ಎರಡನೆಯದಕ್ಕೆ ಖರ್ಚೇ ಇಲ್ಲ. ಸಿಸೇರಿಯನ್ ತಾರೀಕು ಬರೆಯುವ ಚೀಟಿಯಲ್ಲಿ, ತಾರೀಕಿನ ಮೇಲೆ, ಆ ದಿನಕ್ಕೆ ಎಷ್ಟು ವಾರ ಎಷ್ಟು ದಿನ ಎಂದು ಬರೆಯುವುದು ಕಡ್ಡಾಯವಾಗಲಿ. ಯಾವ ಆಧಾರದ ಮೇಲೆ, ಮುಟ್ಟಿನದೋ ಮೊದಲ ಸ್ಕ್ಯಾನಿನದೋ ಎಂದೂ ಬರೆಯಲಿ. 39ಕ್ಕಿಂತ ಕಡಿಮೆಯಾದರೆ ಕಾರಣವನ್ನು ಒಂದು ಸಾಲಿನಲ್ಲಿ ಬರೆದು ಡಾಕ್ಟರು ಸಹಿ ಹಾಕಲಿ. "ಆಟಿ" ಎಂದೋ "ಟಿಕೆಟು" ಎಂದೋ ಆ ಸಾಲಿನಲ್ಲಿ ಬರೆಯಲು ಯಾವ ಡಾಕ್ಟರಿಗೂ ಪೆನ್ನು ಏಳಲಾರದು. ಮಗುವಿಗೆ ಉಸಿರಿನ ತೊಂದರೆಯಾದರೆ ಎಲ್ಲಿಗೆ, ಯಾವ ವಾಹನದಲ್ಲಿ ಎಂಬುದೂ ಅದೇ ಚೀಟಿಯಲ್ಲಿ ಮೊದಲೇ ಇರಲಿ. ಸಿಸೇರಿಯನ್ ಮಗುವನ್ನು ಅಜ್ಜಿಯ ಕೈಗೆ ಕೊಟ್ಟು ಹೋಗಿಬಿಡದೆ, ಮೊದಲ ಕೆಲವು ಗಂಟೆ ತಿಳಿದವರು ಒಬ್ಬರು ಆಗಾಗ ಉಸಿರು ಎಣಿಸಲಿ. ಹೂಂಗುಟ್ಟಿದರೆ, ಮೂಗು ಅರಳಿದರೆ, ಪಕ್ಕೆ ಒಳಗೆ ಸೆಳೆದರೆ ಕೂಡಲೇ ಕರೆಯಿರಿ ಎಂದು ಮನೆಯವರಿಗೆ ಹೇಳಿಕೊಡಲಿ. ಮೂರೇ ಲಕ್ಷಣ, ಆಶಾ ಕಾರ್ಯಕರ್ತೆಯರು ಮನೆಗೆ ಬಂದಾಗ ಹೇಳಬಹುದಾದಷ್ಟು ಸರಳ.

ಈ ಚೀಟಿ ಕನ್ನಡದಲ್ಲೂ ಇರಬೇಕು. ನನ್ನ ಮಗಳು ಸಹಿ ಹಾಕಿದ ಒಪ್ಪಿಗೆ ಪತ್ರ ಮಲಯಾಳ ಮತ್ತು ಇಂಗ್ಲಿಷಿನಲ್ಲಿತ್ತು. ಅವಳು ಕನ್ನಡ ಶಾಲೆಯಲ್ಲಿ ಕಲಿತವಳು, ಮಲಯಾಳ ಮಾತಾಡುತ್ತಾಳೆ, ಓದಲು ತಡವರಿಸುತ್ತಾಳೆ. ನರ್ಸು ಬೆರಳಿಟ್ಟು ತೋರಿಸಿದಲ್ಲಿ ಹೆಸರು ಬರೆದಳು. 1969ರ ಅಧಿಕೃತ ಭಾಷಾ ಕಾಯ್ದೆಯಡಿ ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರಕಾರದೊಂದಿಗೆ ವ್ಯವಹರಿಸುವ ಹಕ್ಕನ್ನು ಈ ರಾಜ್ಯ ಮಾನ್ಯ ಮಾಡಿದೆ. ಆ ಹಕ್ಕು ತಾಲೂಕು ಕಚೇರಿಯ ಅರ್ಜಿಗೆ ಮಾತ್ರವೇ? ಭಾಷೆಯ ಮಾತು ತೆಗೆದರೆ ಸಾಕು, "ಇವರದ್ದು ಯಾವಾಗಲೂ ಇದೇ" ಎನ್ನುವವರಿದ್ದಾರೆಂದು ಗೊತ್ತು. 37 ಮತ್ತು 39ರ ವ್ಯತ್ಯಾಸ ತಿಳಿದಿದ್ದರೆ ನಾನು ಜೋಯಿಸರ ಮನೆಗೆ ಹದಿನೈದು ದಿನ ತಡವಾಗಿ ಹೋಗುತ್ತಿದ್ದೆ, ಅಷ್ಟೇ ನನ್ನ ಉತ್ತರ. 27ರ ನಂತರವೂ ಪಂಚಾಂಗದಲ್ಲಿ ಒಳ್ಳೆಯ ಗಳಿಗೆಗಳಿದ್ದವು.

ಮೂರು ಸ್ಕ್ಯಾನ್ ಚೀಟಿಗಳ ಪ್ರತಿಗಳನ್ನು, ಆಸ್ಪತ್ರೆಯ ಹೆಸರಿರುವ ಭಾಗ ಕತ್ತರಿಸಿ, ಇದರೊಂದಿಗೆ ಇಟ್ಟಿದ್ದೇನೆ. ತಾರೀಕಿನ ಚೀಟಿ ಹೇಗಿರಬಹುದೆಂದು ಒಂದು ಮಾದರಿಯನ್ನೂ ಒಂದೇ ಹಾಳೆಯ ಎರಡು ಬದಿಗೆ ಕನ್ನಡ, ಮಲಯಾಳಗಳಲ್ಲಿ ಬರೆದಿದ್ದೇನೆ. ಕನ್ನಡದ ಬದಿಗೆ ನಾನು ಹೊಣೆ. ಮಲಯಾಳದಲ್ಲಿ ತಪ್ಪುಗಳಿದ್ದರೆ ತಮ್ಮ ಕಚೇರಿಯವರು ತಿದ್ದಿಕೊಳ್ಳಬೇಕಾಗಿ ವಿನಂತಿ.

ಇತಿ,
ತಮ್ಮ ವಿಶ್ವಾಸಿ,
ಬದಿಯಡ್ಕ ಕಡೆಯ ಒಬ್ಬ ನಿವೃತ್ತ ಗಣಿತ ಟೀಚರ್